ಲಾಸ್ ಬಾನೋಸ್ ಮೇಲೆ ಟ್ಯಾಬ್ ಆರಿಹೋದಾಗ

ವಿಮಾನ ಹಾರಿಸೋದು ಕಲಿಯೋ ಮೂರನೇ ಕ್ಲಾಸಿಗೆ ನಾನು ಹೊಸ ಟ್ಯಾಬ್, ಅದನ್ನ ತೊಡೆಗೆ ಕಟ್ಕೊಳ್ಳೋ ಪಟ್ಟಿ, ಬರೆಯೋಕೆ ಪೆನ್ನು, ಎಲ್ಲಾ ಹಾಕ್ಕೊಂಡು ಮದುವೆ ಗಂಡಿನ ಥರ ರೆಡಿಯಾಗಿ ಹೋಗಿದ್ದೆ. ನಮ್ಮ ಮೇಷ್ಟ್ರು ಒಂದ್ಸಲ ಅದನ್ನ ನೋಡಿದ್ರು, ಒಂದ್ಸಲ ನನ್ನ ಮುಖ ನೋಡಿದ್ರು, ಆಮೇಲೆ ಟ್ಯಾಬ್ ಬಿಚ್ಚಿಸಿ ತಗೊಂಡು ಹಿಂದಿನ ಸೀಟಲ್ಲಿಟ್ಟು ಅದಕ್ಕೆ ಸೀಟ್ ಬೆಲ್ಟ್ ಹಾಕಿದ್ರು. ತಮಾಷೆಗಲ್ಲ, ನಿಜವಾಗ್ಲೂ ಬೆಲ್ಟ್ ಹಾಕಿದ್ರು. ಗಾಳಿಗೆ ವಿಮಾನ ಎಗರಿದ್ರೆ ಅದು ಹಾರ್ಕೊಂಡು ಬಂದು ನಮ್ಮ ತಲೆಗೆ ಬಡಿಯುತ್ತಲ್ಲ, ಅದಕ್ಕೆ. "ಇವತ್ತು ಇದು ಪ್ಯಾಸೆಂಜರ್" ಅಂದ್ರು. ಹತ್ತು ಗಂಟೆ ಹಾರಾಟ ಆಗೋ ತನಕ ಅದು ಪ್ಯಾಸೆಂಜರ್ ಆಗೇ ಇತ್ತು.

ಸ್ವಲ್ಪ ಹಿಂದೆ ಹೋಗಿ ಹೇಳ್ತೀನಿ. ನಾನಿರೋದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಕೆಲಸ ಎಲ್ಲರ ಹಾಗೆ ಸಾಫ್ಟ್‌ವೇರ್. ಬೆಳೆದಿದ್ದು ಬೆಂಗಳೂರಲ್ಲಿ ಯಲಹಂಕದ ಕಡೆ, ಜಕ್ಕೂರು ಫ್ಲೈಯಿಂಗ್ ಸ್ಕೂಲಿನ ಪುಟ್ಟ ವಿಮಾನಗಳು ನಮ್ಮ ತಾರಸಿ ಮೇಲೆ ಗುಯ್ಯಂತ ಹೋಗ್ತಿದ್ವು, ಆಗಿಂದ ತಲೇಲಿ ಕೂತಿದ್ದ ಹುಳ ಇದು. ನಲವತ್ತು ವಯಸ್ಸಾಗೋ ಹೊತ್ತಿಗೆ, ಇನ್ನು ಬಿಟ್ರೆ ಆಗಲ್ಲ ಅಂತ ಲಿವರ್‌ಮೋರ್ ಏರ್‌ಪೋರ್ಟಲ್ಲಿ ಪ್ರೈವೇಟ್ ಪೈಲಟ್ ಲೈಸೆನ್ಸಿಗೆ ಸೇರ್ಕೊಂಡೆ. ವಿಮಾನ ಸೆಸ್ನಾ 172, ನಾಲ್ಕು ಸೀಟು, ಒಂದು ಇಂಜಿನ್ನು, ಏಸಿ ಇಲ್ಲ. ಏಸಿ ಇಲ್ಲ ಅನ್ನೋದು ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಅಮ್ಮಂಗೆ ವಿಡಿಯೋ ಕಾಲಲ್ಲಿ ಹೇಳಿದಾಗ ಅವಳ ಮೊದಲ ಪ್ರಶ್ನೆ, "ಮೇಲೆ ದಾರಿ ಹೆಂಗೆ ಗೊತ್ತಾಗತ್ತೋ? ಗೂಗಲ್ ಮ್ಯಾಪ್ ಹಾಕ್ಕೊಂಡು ಹೋಗ್ತೀಯಾ?" ಅಂತ. ನಾನು ನಕ್ಕಿದ್ದೆ. ಆದ್ರೆ ಯೋಚನೆ ಮಾಡಿದ್ರೆ ಅದು ಸರಿಯಾದ ಪ್ರಶ್ನೇನೇ, ಈಗ ಹೆಚ್ಚು ಕಮ್ಮಿ ಹಾಗೇ ಹೋಗೋದು.

ಮೇಲಿನ ಮ್ಯಾಪಿಗೆ ಸೆಕ್ಷನಲ್ ಚಾರ್ಟ್ ಅಂತಾರೆ. 1:5,00,000 ಸ್ಕೇಲು, ಅಂದ್ರೆ ಪೇಪರ್ ಮೇಲೆ ಒಂದು ಸೆಂಟಿಮೀಟರ್ ಅಂದ್ರೆ ನೆಲದ ಮೇಲೆ 5 ಕಿಲೋಮೀಟರ್. ಬೆಟ್ಟ, ಕೆರೆ, ಹೈವೇ, ರೈಲು ಹಳಿ, ಟವರ್, ಕಾಲುವೆ ಎಲ್ಲಾ ಇರುತ್ತೆ, ಅದರ ಮೇಲೆ ನೀಲಿ ನೇರಳೆ ಗೆರೆಗಳಲ್ಲಿ ಏರ್‌ಸ್ಪೇಸ್, ಅಂದ್ರೆ ಆಕಾಶದಲ್ಲಿ ಯಾವ ಭಾಗಕ್ಕೆ ಯಾವ ನಿಯಮ ಅನ್ನೋ ಗಡಿ. ದೊಡ್ಡ ಏರ್‌ಪೋರ್ಟ್ ಸುತ್ತ ಇರೋ ಏರ್‌ಸ್ಪೇಸ್ ಒಂಥರಾ ತಲೆಕೆಳಗೆ ಇಟ್ಟ ಗೋಪುರ ಇದ್ದಂಗೆ, ಕೆಳಗೆ ಸಣ್ಣದು, ಮೇಲೆ ಮೇಲೆ ಹೋದಂಗೆ ಅಗಲ. ಸ್ಯಾನ್ ಫ್ರಾನ್ಸಿಸ್ಕೋದ ಗೋಪುರದೊಳಗೆ ಕೇಳದೇ ನುಗ್ಗಿದ್ರೆ ಇಳಿದ ಮೇಲೆ ಒಂದು ಫೋನ್ ನಂಬರ್ ಕೊಟ್ಟು ಕಾಲ್ ಮಾಡಿ ಅಂತಾರೆ, ಆ ಕಾಲ್ ಯಾರಿಗೂ ಇಷ್ಟ ಆಗಲ್ಲ. ಈ ಚಾರ್ಟು 56 ದಿನಕ್ಕೊಂದ್ಸಲ ಹೊಸದು ಬರುತ್ತೆ. ಪೇಪರ್ ಆದ್ರೆ ಹಳೇದು ಬಿಸಾಕಿ ಹೊಸದು ಕೊಂಡ್ಕೋಬೇಕು. ಟ್ಯಾಬಲ್ಲಾದ್ರೆ ಒಂದು ಬಟನ್ನು.

ಐಪ್ಯಾಡ್ ಮಾರಾಟಕ್ಕೆ ಬಂದಿದ್ದು 2010ರ ಏಪ್ರಿಲಲ್ಲಿ. ದೊಡ್ಡ ಏರ್‌ಲೈನ್‌ಗಳಲ್ಲಿ ಪೈಲಟ್‌ಗಳು ಚಾರ್ಟು ಮ್ಯಾನುಯಲ್ ತುಂಬಿದ ಸುಮಾರು 16 ಕೆಜಿ ಬ್ಯಾಗ್ ಹೊತ್ಕೊಂಡು ಓಡಾಡ್ತಿದ್ದ ಕಾಲ ಅದು. 2011ರ ಡಿಸೆಂಬರಲ್ಲಿ ಅಮೆರಿಕನ್ ಏರ್‌ಲೈನ್ಸ್‌ಗೆ ಹಾರಾಟದ ಎಲ್ಲಾ ಹಂತದಲ್ಲೂ ಟ್ಯಾಬ್ ಬಳಸೋಕೆ ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಒಪ್ಪಿಗೆ ಸಿಕ್ತು. ನಮ್ಮಂಥ ಪ್ರೈವೇಟ್ ಸಣ್ಣ ವಿಮಾನದವರಿಗೆ ಅಂಥ ವಿಶೇಷ ಒಪ್ಪಿಗೆ ಏನೂ ಬೇಕಿಲ್ಲ, ಹೊರಡೋ ಮುಂಚೆ ಸಿಗೋ ಮಾಹಿತಿ ಎಲ್ಲಾ ತಿಳ್ಕೊಂಡಿರಬೇಕು ಅನ್ನೋದು ನಿಯಮ, ಅದನ್ನ ಪೇಪರಲ್ಲಿ ತಿಳ್ಕೊಂಡ್ಯೋ ಗಾಜಲ್ಲಿ ತಿಳ್ಕೊಂಡ್ಯೋ ನಿನ್ನ ಜವಾಬ್ದಾರಿ. ಫೋರ್‌ಫ್ಲೈಟ್ ಅಂತ 2007ರಲ್ಲಿ ಶುರುವಾದ ಒಂದು ಆ್ಯಪ್ ಕಂಪನಿ ಎಷ್ಟು ಬೆಳೀತು ಅಂದ್ರೆ 2019ರಲ್ಲಿ ಅದನ್ನ ಬೋಯಿಂಗ್‌ನವರೇ ಕೊಂಡ್ಕೊಂಡ್ರು. ಗಾರ್ಮಿನ್ ಪೈಲಟ್ ಇನ್ನೊಂದು. ನಾನು ಯಾವ ಆ್ಯಪ್, ಯಾವ ಟ್ಯಾಬ್ ಅನ್ನೋದು ಬೇಡ ಬಿಡಿ, ಯಾಕಂದ್ರೆ ಈ ಕಥೇಲಿ ಆಗಿರೋ ತಪ್ಪೆಲ್ಲಾ ನಂದೇ.

ಮೊದಲ ತಪ್ಪು ಅಂಗಡೀಲೇ ಆಯ್ತು. ಡಿಸ್ಕೌಂಟಲ್ಲಿ ಸಿಕ್ತು ಅಂತ ವೈಫೈ ಮಾತ್ರ ಇರೋ ಮಾಡೆಲ್ ತಂದಿದ್ದೆ. ಮನೇಲಿ ಆ್ಯಪ್ ಹಾಕಿ ನೋಡಿದ್ರೆ ನಾನು ಸೋಫಾದಲ್ಲಿ ಕೂತಿರೋ ಜಾಗ ಕರೆಕ್ಟಾಗಿ ತೋರಿಸ್ತು, ಖುಷಿಯಾಗಿ ಹೆಂಡತಿಗೂ ತೋರಿಸಿದೆ. ಮೇಲೆ ಹೋದ್ರೆ ವಿಮಾನದ ಗುರುತು ಲಿವರ್‌ಮೋರ್ ಏರ್‌ಪೋರ್ಟ್ ಪಾರ್ಕಿಂಗಲ್ಲೇ ಅಂಟ್ಕೊಂಡು ಕೂತಿದೆ, ನಾವು ಮಾತ್ರ ಆಲ್ಟಮಾಂಟ್ ಪಾಸಿನ ಗಾಳಿಯಂತ್ರಗಳ ಮೇಲಿದೀವಿ. ಆಮೇಲೆ ಗೊತ್ತಾಯ್ತು, ಆ ಮಾಡೆಲಲ್ಲಿ ಜಿಪಿಎಸ್ ಚಿಪ್ಪೇ ಇಲ್ಲ, ಮನೇಲಿ ಅದು ಜಾಗ ಕಂಡುಹಿಡಿದಿದ್ದು ಅಕ್ಕಪಕ್ಕದ ವೈಫೈ ನೋಡ್ಕೊಂಡು. ಆಕಾಶದಲ್ಲಿ ಎಲ್ಲಿಂದ ಬರಬೇಕು ವೈಫೈ? ಸಿಮ್ ಹಾಕೋ ಮಾಡೆಲಲ್ಲಿ ಜಿಪಿಎಸ್ ಇರುತ್ತೆ, ಸಿಮ್ ಹಾಕದೇ ಇದ್ರೂ ಕೆಲಸ ಮಾಡುತ್ತೆ. ಇದು ಅಂಗಡಿಯವನಿಗೂ ಗೊತ್ತಿರಲಿಲ್ಲ ನನಗೂ ಗೊತ್ತಿರಲಿಲ್ಲ, ಗೊತ್ತಿದ್ದ ಮೇಷ್ಟ್ರು ಪಕ್ಕದಲ್ಲಿ ಕೂತು ಸುಮ್ನೆ ನಗ್ತಿದ್ರು.

ಅದಕ್ಕೆ ಪರಿಹಾರ ಅಂತ ಎಡಿಎಸ್-ಬಿ ರಿಸೀವರ್ ತಗೊಂಡೆ, ಒಂದು ಸೋಪಿನ ಡಬ್ಬಿಯಷ್ಟು ದೊಡ್ಡದು, ಕಿಟಕಿ ಗಾಜಿಗೆ ಅಂಟಿಸೋದು. ಅದರಲ್ಲಿ ಜಿಪಿಎಸ್ ಇದೆ, ಅದು ಸ್ವಂತ ವೈಫೈ ಮಾಡಿ ಟ್ಯಾಬಿಗೆ ಕಳಿಸುತ್ತೆ. ಜೊತೆಗೆ ಅಕ್ಕಪಕ್ಕದ ವಿಮಾನಗಳು, ನೆಲದ ಸ್ಟೇಷನ್‌ಗಳಿಂದ ಬರೋ ಹವಾಮಾನ, ಎರಡೂ ತೋರಿಸುತ್ತೆ. ಅಮೆರಿಕದಲ್ಲಿ 2020ರ ಜನವರಿ 1ರಿಂದ ದೊಡ್ಡ ಏರ್‌ಪೋರ್ಟ್ ಸುತ್ತಮುತ್ತ ಹಾರೋ ಬಹುತೇಕ ಎಲ್ಲಾ ವಿಮಾನಗಳೂ ತಮ್ಮ ಜಾಗ ಎಡಿಎಸ್-ಬಿಯಲ್ಲಿ ಕೂಗಿ ಹೇಳ್ಬೇಕು ಅಂತ ಕಡ್ಡಾಯ, ಅದನ್ನೇ ಈ ಡಬ್ಬಿ ಕೇಳಿಸ್ಕೊಳ್ಳೋದು. ಹವಾಮಾನದ ವಿಷಯದಲ್ಲಿ ಮಾತ್ರ ಹುಷಾರು. ಪರದೆ ಮೇಲೆ ಮಳೆಮೋಡದ ಚಿತ್ರ 2 ನಿಮಿಷದ ಹಿಂದಿಂದು ಅಂತ ಬರೆದಿರುತ್ತೆ, ಆದ್ರೆ ಅದು ಚಿತ್ರ ಜೋಡಿಸಿದ ಟೈಮು, ಮೋಡ ನೋಡಿದ ಟೈಮಲ್ಲ. ನಿಜವಾದ ವಯಸ್ಸು ಕೆಲವು ಸಲ 15-20 ನಿಮಿಷ ಜಾಸ್ತಿ ಇರಬಹುದು ಅಂತ ಅಲ್ಲಿನ ಅಪಘಾತ ತನಿಖೆಯವರು, ಎನ್‌ಟಿಎಸ್‌ಬಿ, 2012ರಲ್ಲೇ ಎಚ್ಚರಿಕೆ ಕೊಟ್ಟಿದಾರೆ. ಅಷ್ಟೊತ್ತಿಗೆ ಗುಡುಗಿನ ಮೋಡ ಊರು ಬದಲಾಯಿಸಿರುತ್ತೆ. ದೂರದಿಂದ ಸುತ್ತು ಹಾಕೋಕೆ ಆ ಚಿತ್ರ ಸರಿ, ಎರಡು ಮೋಡದ ಸಂದೀಲಿ ನುಸುಳೋಕೆ ಅಲ್ಲ.

ಟ್ಯಾಬ್ ಮುಂದಿನ ಸೀಟಿಗೆ ಬಡ್ತಿ ಪಡೆದ ಮೇಲೆ ಸುಖ ಏನು ಅಂತ ಗೊತ್ತಾಯ್ತು. ಎರಡು ಊರು ಒತ್ತಿದ್ರೆ ನೇರಳೆ ಗೆರೆ ಬರುತ್ತೆ, ಗಾಳಿ ಲೆಕ್ಕ ಅದೇ ಹಾಕುತ್ತೆ, ಎಷ್ಟು ಪೆಟ್ರೋಲು, ಎಷ್ಟು ಹೊತ್ತು, ದಾರೀಲಿ ಬೆಟ್ಟ ಎಷ್ಟು ಎತ್ತರ ಎಲ್ಲಾ. ಇಲ್ಲಿ ಬೇಸಿಗೇಲಿ ಕಾಡ್ಗಿಚ್ಚು ಬಿದ್ರೆ ಬೆಂಕಿ ಆರಿಸೋ ವಿಮಾನಗಳಿಗೋಸ್ಕರ ತಾತ್ಕಾಲಿಕ ನಿರ್ಬಂಧ ಹಾಕ್ತಾರೆ, ಅದು ಚಾರ್ಟಲ್ಲಿ ಕೆಂಪು ಗುರುತಾಗಿ ಬಂದು ಕೂರುತ್ತೆ. ದೊಡ್ಡ ಸ್ಟೇಡಿಯಮ್ಮಲ್ಲಿ ಲೀಗ್ ಮ್ಯಾಚ್ ಇದ್ರೂ ಅದೇ ಕಥೆ, ಸುತ್ತ 3 ನಾಟಿಕಲ್ ಮೈಲಿ, ಮೇಲೆ 3,000 ಅಡಿ, ಶುರುವಾಗೋ ಒಂದು ಗಂಟೆ ಮುಂಚೆಯಿಂದ ಮುಗಿದ ಒಂದು ಗಂಟೆ ತನಕ ಪ್ರವೇಶ ಇಲ್ಲ. ಪೇಪರ್ ಚಾರ್ಟಿಗೆ ಇವತ್ತು ಮ್ಯಾಚಿದೆ ಅಂತ ಯಾರು ಹೇಳ್ತಾರೆ? ಈ ಒಂದು ವಿಷಯಕ್ಕೇ ಟ್ಯಾಬ್ ಬೇಕು ಅಂತ ನಾನು ಹೇಳ್ತೀನಿ, ಪೇಪರೇ ಶ್ರೇಷ್ಠ ಅನ್ನೋ ಮುದುಕರ ಗುಂಪಿಗೆ ನಾನು ಸೇರಿದವನಲ್ಲ.

ಸಣ್ಣಪುಟ್ಟ ಕಾಟಗಳೂ ಇದ್ವು. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಟ್ಯಾಬ್ ಅಡ್ಡ ತಿರುಗಿಸಿದ್ರೆ ಪರದೆ ಪೂರ್ತಿ ಕಪ್ಪು, ಕೆಟ್ಟೋಯ್ತು ಅಂತ ಗಾಬರಿಯಾಗಿ ತಲೆ ವಾಲಿಸಿದ್ರೆ ಮತ್ತೆ ಬಂತು. ಇನ್ನೊಂದ್ಸಲ ಬೆಳಗಿನ ಜಾವ ಹೊಸ ಚಾರ್ಟ್ ಡೌನ್‌ಲೋಡ್ ಮಾಡೋಕೆ ಹೋದ್ರೆ ಜಾಗ ಇಲ್ಲ ಅಂತು, ನೋಡಿದ್ರೆ ಮಗಳು ಕಾರ್ಟೂನ್ ತುಂಬಿಸಿಟ್ಟಿದ್ಲು. ಆವತ್ತಿಂದ ಮನೇಲಿ ಅಪ್ಪನ ಟ್ಯಾಬ್ ಯಾರೂ ಮುಟ್ಟಂಗಿಲ್ಲ, ದೇವರ ಕೋಣೆ ಮಡಿ ಥರ.

ಮೇಷ್ಟ್ರ ತಕರಾರು ಒಂದೇ. ಅವರು ಏನೂ ಬಯ್ಯಲ್ಲ, ಹಾರ್ತಾ ಇರುವಾಗ ವಾಚ್ ನೋಡ್ಕೊಂಡು ನನ್ನ ಕಣ್ಣು ಪರದೆ ಮೇಲೆ ಎಷ್ಟು ಹೊತ್ತಿದೆ ಅಂತ ಜೋರಾಗಿ ಎಣಿಸ್ತಿದ್ರು. "ಒಂದು, ಎರಡು, ಮೂರು, ನಾಲ್ಕು..." ಅಷ್ಟೊತ್ತಿಗೆ ನನಗೆ ನಾಚಿಕೆಯಾಗಿ ತಲೆ ಎತ್ತುತ್ತಿದ್ದೆ. ಒಂದ್ಸಲ ಹನ್ನೊಂದರ ತನಕ ಎಣಿಸಿದ್ರು. ಸೆಸ್ನಾದ ಸ್ಪೀಡಲ್ಲಿ ಹನ್ನೊಂದು ಸೆಕೆಂಡಿಗೆ ಆರುನೂರು ಮೀಟರ್ ಹೋಗಿರ್ತೀವಿ, ಕಣ್ಣು ಮುಚ್ಕೊಂಡು. ಪರದೆ ಮೇಲೆ ಬೇರೆ ವಿಮಾನದ ಚುಕ್ಕಿ ನೋಡಿ ನೋಡಿ ಕಿಟಕೀಲಿ ಇರೋ ವಿಮಾನಾನೇ ನೋಡದೇ ಇರೋದು, ಇದು ನನ್ನೊಬ್ಬನ ಕಾಯಿಲೆ ಅಲ್ಲ ಬಿಡಿ. ಎಡಿಎಸ್-ಬಿ ಇಲ್ಲದ ಹಳೇ ವಿಮಾನ, ಗ್ಲೈಡರ್ ಎಷ್ಟೋ ಸಲ ಪರದೇಲಿ ಬರೋದೇ ಇಲ್ಲ ಅನ್ನೋದು ಬೇರೆ.

ಅದಕ್ಕೇ ಅವರು ಪೇಪರ್ ನ್ಯಾವ್ ಲಾಗ್ ಕಡ್ಡಾಯ ಮಾಡಿದ್ರು. ದಾರೀಲಿ ಹತ್ತು ಹನ್ನೆರಡು ಗುರುತು, ಒಂದೊಂದಕ್ಕೂ ದಿಕ್ಕು, ದೂರ, ಎಷ್ಟು ನಿಮಿಷ, ಪೆನ್ಸಿಲಲ್ಲಿ. ಮನೇಲಿ ಸ್ಕೇಲು, ಚಕ್ರದ ಕ್ಯಾಲ್ಕ್ಯುಲೇಟರ್ ಇಟ್ಕೊಂಡು ರಾತ್ರಿ ಹನ್ನೊಂದು ಗಂಟೆ ತನಕ ಇದನ್ನ ಬರೀತಾ ಕೂತಾಗ, ಎರಡು ಸೆಕೆಂಡಿನ ಕೆಲಸಕ್ಕೆ ಎರಡು ಗಂಟೆ ಯಾಕೆ ಅಂತ ಹೆಂಡತಿ ಕೇಳಿದ್ಲು. ನನ್ನ ಹತ್ರ ಉತ್ತರ ಇರಲಿಲ್ಲ.

ಜುಲೈ ತಿಂಗಳು, ಸೋಲೋ ಕ್ರಾಸ್ ಕಂಟ್ರಿ. ಲೈಸೆನ್ಸಿಗೆ ಮುಂಚೆ ಒಬ್ಬನೇ ಒಂದು ದೊಡ್ಡ ತ್ರಿಕೋನ ಹಾರಬೇಕು, ಒಟ್ಟು 150 ನಾಟಿಕಲ್ ಮೈಲಿಗೆ ಕಮ್ಮಿ ಇರಬಾರದು, ಮೂರು ಕಡೆ ಇಳೀಬೇಕು, ಒಂದು ಲೆಗ್ಗಾದ್ರೂ 50 ದಾಟಿರಬೇಕು. ನಂದು ಲಿವರ್‌ಮೋರಿಂದ ಮರ್ಸೆಡ್, ಅಲ್ಲಿಂದ ಸಲೀನಾಸ್, ವಾಪಸ್ ಲಿವರ್‌ಮೋರ್, ಸುಮಾರು 193 ಮೈಲಿ. ಮರ್ಸೆಡ್ ತನಕ ಏನೂ ತೊಂದರೆ ಇಲ್ಲ. ಬೆಟ್ಟ ದಾಟಿದ ತಕ್ಷಣ ಸೆಂಟ್ರಲ್ ವ್ಯಾಲಿ, ರಂಗೋಲಿ ಚುಕ್ಕಿ ಇಟ್ಟಂಗೆ ಬಾದಾಮಿ ತೋಟಗಳು, ಹೈವೇ 5, ಅದರ ಪಕ್ಕ ಕ್ಯಾಲಿಫೋರ್ನಿಯಾ ಆಕ್ವಡಕ್ಟ್ ಕಾಲುವೆ, ಆಮೇಲೆ ಸ್ಯಾನ್ ವಾಕೀನ್ ನದಿ. ಮರ್ಸೆಡ್‌ಗೆ ಮುಂಚೆ ಎಡಕ್ಕೆ ಕ್ಯಾಸಲ್ ಅಂತ ಹಳೇ ಏರ್ ಫೋರ್ಸ್ ಬೇಸಿನ ಭಾರೀ ರನ್‌ವೇ ಕಾಣುತ್ತೆ. 1995ರಲ್ಲಿ ಮುಚ್ಚಿದ ಬೇಸು ಅದು, ಬಾಂಬರ್ ವಿಮಾನಗಳಿಗೆ ಅಂತ ಮಾಡಿದ್ದು, ಹೊಸಬರು ಅದನ್ನೇ ಮರ್ಸೆಡ್ ಅಂದ್ಕೊಂಡು ಅಲ್ಲಿಗೇ ಹೋಗೋದುಂಟಂತೆ. ನನಗೆ ಟ್ಯಾಬ್ ಇತ್ತು, ನಾನು ಅಂದ್ಕೊಳ್ಳಲಿಲ್ಲ. ಇಳಿದಾಗ ಎದೆ ಎರಡಿಂಚು ಉಬ್ಬಿತ್ತು.

ಮರ್ಸೆಡಲ್ಲಿ ಪೆಟ್ರೋಲ್ ಹಾಕ್ಕೊಂಡು ಸಲೀನಾಸ್ ಹವಾಮಾನ ನೋಡಿದ್ರೆ ಮೋಡದ ಮುಚ್ಚಳ 700 ಅಡಿಗೆ ಕೂತಿದೆ. ಬೇಸಿಗೇಲಿ ಸಮುದ್ರದ ತಣ್ಣನೆ ಮಂಜು ಬೆಳಿಗ್ಗೆ ಒಳಗೆ ಬಂದು ಸಲೀನಾಸ್ ಕಣಿವೇಲಿ ಮಲಗಿರುತ್ತೆ, ಬಿಸಿಲೇರಿದ ಮೇಲೆ ಎದ್ದು ಹೋಗುತ್ತೆ. ಕಮ್ಮಿ ಅಂದ್ರೂ 1,000 ಅಡಿ ಇಲ್ಲದೆ ನಮ್ಮಂಥವರು ಅಲ್ಲಿ ಇಳಿಯಂಗಿಲ್ಲ. ಮಜಾ ನೋಡಿ, ಅಲ್ಲಿ ಚಳಿಗೆ ಮಂಜು, 65 ಮೈಲಿ ಈಚೆ ನಾನು ನಿಂತ ಕಡೆ ಟಾರ್ ಕರಗೋ ಬಿಸಿಲು. ಫೋನ್ ಮಾಡಿ ಮೇಷ್ಟ್ರಿಗೆ ಹೇಳಿದೆ, ಕಾಯಿ ಅಂದ್ರು. ಐವತ್ತು ನಿಮಿಷ ಒಳಗಡೆ ಏಸಿ ರೂಮಲ್ಲಿ ತಣ್ಣಗೆ ಕೂತ್ಕೊಂಡು, ಹೆಂಡತಿ ಕಟ್ಟಿಕೊಟ್ಟಿದ್ದ ಚಪಾತಿ ರೋಲ್ ತಿಂದು, ಫೋನಲ್ಲಿ ಸಲೀನಾಸ್ ಹವಾಮಾನ ಹತ್ತತ್ತು ನಿಮಿಷಕ್ಕೆ ನೋಡ್ತಾ ಕಾದೆ.

ಟ್ಯಾಬ್ ಎಲ್ಲಿತ್ತು? ವಿಮಾನದೊಳಗೆ, ವಿಮಾನ ತಿರುಗಿಸೋ ಹ್ಯಾಂಡಲ್ ಮೇಲಿನ ಸ್ಟ್ಯಾಂಡಲ್ಲಿ, ಕಪ್ಪು ಕವರ್ ಹಾಕ್ಕೊಂಡು, ಮುಂದಿನ ಗಾಜಿಂದ ಬೀಳೋ ಬಿಸಿಲಲ್ಲಿ, ಚಾರ್ಜರ್ ಸಮೇತ. ಬಾಗಿಲು ಕಿಟಕಿ ಮುಚ್ಚಿ ಹೋಗಿದ್ದೆ. ಹಪ್ಪಳ ಒಣಗಿಸೋಕೆ ಇಡೋರೂ ಅಷ್ಟು ಚೆನ್ನಾಗಿ ಜಾಗ ಹುಡುಕಲ್ಲ. ಈ ಟ್ಯಾಬಿನ ಸ್ಪೆಸಿಫಿಕೇಶನಲ್ಲಿ ಬಳಸೋಕೆ ಗರಿಷ್ಠ 35 ಡಿಗ್ರಿ ಅಂತ ಬರೆದಿದೆ, ಆವತ್ತು ಹೊರಗಡೆ ನೆರಳಲ್ಲೇ ಅದಕ್ಕಿಂತ ಜಾಸ್ತಿ ಇತ್ತು. ಸಲೀನಾಸ್ ಮಂಜಿಂದ ಬಿಡುಗಡೆ ಆಯ್ತು ಅಂದ ತಕ್ಷಣ ಓಡಿ ಬಂದು ಸ್ಟಾರ್ಟ್ ಮಾಡಿದೆ, ಸೀಟು ಸುಡ್ತಿತ್ತು, ಟ್ಯಾಬ್ ಮುಟ್ಟಿದಾಗ ದೋಸೆ ಹಂಚಿನ ಅಂಚು ಮುಟ್ಟಿದಂಗಾಯ್ತು, ಆದ್ರೂ ಆನ್ ಆಯ್ತು, ಗೆರೆ ಬಂತು, ಹೊರಟೆ. ಬಿಸಿಲಿಗೆ ಕಾಣಲ್ಲ ಅಂತ ಬ್ರೈಟ್‌ನೆಸ್ ಫುಲ್ ಬೇರೆ ಮಾಡಿದೆ.

6,500 ಅಡಿಗೆ ಏರಿ ಲೆವೆಲ್ ಮಾಡೋ ಹೊತ್ತಿಗೆ ಲಾಸ್ ಬಾನೋಸ್ ಊರು ಹೆಚ್ಚುಕಮ್ಮಿ ಮೂಗಿನ ಕೆಳಗೆ. ಅಲ್ಲಿಂದ ಮುಂದೆ ಬೆಟ್ಟ. ಆಗ ಪರದೆ ಮೊದಲು ಮಂಕಾಯ್ತು, ಸರಿ ಕೂಲಿಂಗ್ ಗ್ಲಾಸ್ ಇರಬೇಕು ಅಂತ ತಲೆ ವಾಲಿಸಿದೆ, ಬರಲಿಲ್ಲ, ಕವರ್ ಬಿಚ್ಚೋಕೆ ಹೋದೆ, ಚಾರ್ಜರ್ ಕಿತ್ತೆ, ಬಟನ್ ಒತ್ತಿದೆ, ಅಷ್ಟರಲ್ಲಿ ಬಿಸಿಯಾಗಿದೆ ತಣ್ಣಗಾಗೋ ತನಕ ಬಳಸೋಕಾಗಲ್ಲ ಅಂತ ಒಂದು ಸಾಲು ತೋರಿಸಿ ಪೂರ್ತಿ ಆರಿಹೋಯ್ತು. ಪರವಾಗಿಲ್ಲ ಫೋನಿದೆ ಅಂತ ಫೋನ್ ತೆಗೆದೆ. ಫೋನಲ್ಲಿ ಆ್ಯಪ್ ಇದೆ, ಆದ್ರೆ ಚಾರ್ಟ್ ಡೌನ್‌ಲೋಡ್ ಮಾಡಿಲ್ಲ, ಮೇಲೆ ಸಿಗ್ನಲ್ ಇಲ್ಲ. ಖಾಲಿ ಬೂದು ಹಾಳೆ ಮೇಲೆ ಒಂದು ನೀಲಿ ವಿಮಾನ ತೇಲ್ತಾ ಇದೆ. ನೀನೆಲ್ಲಿದೀಯ ಅಂದ್ರೆ ಇಲ್ಲಿದೀನಿ ಅಂದಂಗೆ.

ನಿಜ ಹೇಳ್ಬೇಕು ಅಂದ್ರೆ ನನಗೆ ಆಗ ಆಗಿದ್ದು ಭಯಕ್ಕಿಂತ ಅವಮಾನ. ಆಮೇಲೆ ಎತ್ತರ ತೋರಿಸೋ ಆಲ್ಟಿಮೀಟರ್ ನೋಡಿದಾಗ ಭಯ ಆಯ್ತು. 6,500ರಲ್ಲಿರಬೇಕಾದವನು 6,900ಕ್ಕೆ ಏರಿದೀನಿ, ಮೂಗು ಎಡಕ್ಕೆ ತಿರುಗಿ ದಿಕ್ಕು ಹದಿನೈದು ಡಿಗ್ರಿ ಆಚೀಚೆ ಆಗಿದೆ, ಒಂದೂವರೆ ನಿಮಿಷ ನಾನು ಆ ಗಾಜಿನ ಹಲಗೆಗೆ ಉಪಚಾರ ಮಾಡ್ತಿದ್ದೆ, ವಿಮಾನ ತನ್ನ ಪಾಡಿಗೆ ತಾನು ಹೋಗ್ತಿತ್ತು. ಮೊದಲು ವಿಮಾನ ಹಾರಿಸು, ಆಮೇಲೆ ದಾರಿ ನೋಡು, ಆಮೇಲೆ ಮಾತಾಡು ಅಂತ ಎಲ್ಲಾ ಫ್ಲೈಯಿಂಗ್ ಸ್ಕೂಲಲ್ಲೂ ಹೇಳ್ಕೊಡ್ತಾರೆ, ಬಾಯಿಪಾಠ ಇತ್ತು, ಕೈಗೆ ಬಂದಿರಲಿಲ್ಲ.

ಸರಿ, ಟ್ಯಾಬ್ ಕಿತ್ತು ಗಾಳಿ ಬರೋ ತೂತಿನ ಕೆಳಗೆ ಪಕ್ಕದ ಸೀಟಲ್ಲಿ ಇಟ್ಟು ಬೆಲ್ಟ್ ಹಾಕಿದೆ. ಮತ್ತೆ ಪ್ಯಾಸೆಂಜರ್. ಎತ್ತರ ಸರಿ ಮಾಡಿದೆ, ದಿಕ್ಕು 222 ಡಿಗ್ರಿಗೆ ತಂದೆ, ನ್ಯಾವ್ ಲಾಗ್ ತೆಗೆದೆ. ಮೊದಲೇ ಬರೆದಿದ್ದು ಇತ್ತಲ್ಲ, ಲಾಸ್ ಬಾನೋಸ್ ಆದ ಮೇಲೆ ಹೈವೇ 5, ಜೊತೆಗೆ ಕಾಲುವೆ, ನಾಲ್ಕೂವರೆ ನಿಮಿಷ. ವಾಚ್ ಒತ್ತಿದೆ. ಮುಂದೆ ನೋಡಿದೆ. ಹೈವೇ ಅಲ್ಲೇ ಇತ್ತು! ಅದು ಮುಂಚೆಯಿಂದ ಅಲ್ಲೇ ಇತ್ತು, ನಾನು ನೋಡಿರಲಿಲ್ಲ ಅಷ್ಟೇ. ಬಲಕ್ಕೆ ಸ್ಯಾನ್ ಲೂಯಿಸ್ ಜಲಾಶಯ, ಅಷ್ಟು ದೊಡ್ಡ ನೀಲಿ, ಸುತ್ತ ಒಣಗಿದ ಹಳದಿ ಬೆಟ್ಟ, ಚಿತ್ರದುರ್ಗದ ಕಡೆ ಬೇಸಿಗೇಲಿ ಇರುತ್ತಲ್ಲ ಆ ಬಣ್ಣ. ಜಲಾಶಯ ಬಲಕ್ಕೇ ಇರಬೇಕು, ನಾನು ಅದರ ದಕ್ಷಿಣಕ್ಕೆ ಇರಬೇಕು ಅಂತ ಲಾಗಲ್ಲಿ ನನ್ನ ಕೈಬರಹದಲ್ಲೇ ಇತ್ತು. ಸಲೀನಾಸಿನ ವಿಓಆರ್ ಅನ್ನೋ ರೇಡಿಯೋ ಸ್ಟೇಷನ್ ಫ್ರೀಕ್ವೆನ್ಸಿ ಹಾಕಿ ಮುಳ್ಳು ಮಧ್ಯಕ್ಕೆ ತಂದೆ. ಆ ಮುಳ್ಳಿಗೆ ಬಿಸಿಲೂ ಗೊತ್ತಿಲ್ಲ, ಅಪ್‌ಡೇಟೂ ಗೊತ್ತಿಲ್ಲ, ನಾನು ಅದನ್ನ ಮೂರು ತಿಂಗಳು ಮ್ಯೂಸಿಯಂ ಪೀಸು ಅಂತ ಆಡ್ಕೊಂಡಿದ್ದೆ.

ನಾರ್‌ಕ್ಯಾಲ್ ಅಪ್ರೋಚ್ ಅನ್ನೋ ಈ ಕಡೆಯ ವಿಮಾನ ಸಂಚಾರ ನಿಯಂತ್ರಣದವರ ಜೊತೆ ರೇಡಿಯೋದಲ್ಲಿ ಮಾತಾಡ್ತಿದ್ದೆ, ಅವರು ರೇಡಾರಲ್ಲಿ ನನ್ನ ನೋಡ್ತಿದ್ರು, ಹಂಗಾಗಿ ಪೂರ್ತಿ ಕಳೆದು ಹೋಗೋ ಪ್ರಶ್ನೆ ಇರಲಿಲ್ಲ, ಕೇಳಿದ್ರೆ ದಿಕ್ಕು ಹೇಳ್ತಿದ್ರು. ಕೇಳಲಿಲ್ಲ. ಧೈರ್ಯ ಅಂತಲ್ಲ, ಟ್ಯಾಬ್ ಸುಟ್ಕೊಂಡೆ ಅಂತ ಅಷ್ಟು ಜನರ ಕಿವಿಗೆ ಬೀಳೋ ಹಾಗೆ ಹೇಳೋಕೆ ಮುಜುಗರ. ಈಗ ಯಾರಾದ್ರೂ ಹೊಸಬರು ಕೇಳಿದ್ರೆ ಕೇಳ್ಬಿಡಿ ಅಂತೀನಿ, ರೇಡಿಯೋದಲ್ಲಿ ಸಹಾಯ ಕೇಳೋದು ಪುಕ್ಕಟೆ.

ಬಲಗಡೆ ದೂರದಲ್ಲಿ ಹಾಲಿಸ್ಟರ್ ಊರು ಕಂಡಾಗ ಟ್ಯಾಬ್ ತಣ್ಣಗಾಗಿ ತಾನೇ ಆನ್ ಆಯ್ತು. ಓರೆಗಣ್ಣಲ್ಲಿ ನೋಡಿದೆ, ಗೆರೆಯಿಂದ ಎರಡು ಮೈಲಿ ಎಡಕ್ಕಿದ್ದೆ. ಎರಡೇ ಮೈಲಿ! ಪೆನ್ಸಿಲು, ವಾಚು, ಕಣ್ಣಿಗೆ ಅಷ್ಟು ಮಾರ್ಕ್ಸ್ ಸಾಕು ಅನ್ನಿಸ್ತು. ಅದನ್ನ ಮತ್ತೆ ಸ್ಟ್ಯಾಂಡಿಗೆ ಹಾಕಲಿಲ್ಲ, ಸೀಟಲ್ಲೇ ಬಿಟ್ಟೆ. ಬೆಟ್ಟ ದಾಟಿದ್ರೆ ಸಲೀನಾಸ್ ಕಣಿವೆ, ಉದ್ದಕ್ಕೂ ಲೆಟ್ಯೂಸ್ ಸೊಪ್ಪಿನ ಹೊಲ, ಸಮುದ್ರದ ಕಡೆ ಮಂಜಿನ ಬಿಳಿ ಅಂಚು ಇನ್ನೂ ಹಿಂದಕ್ಕೆ ಸರೀತಾ ಇದೆ. ಅಪ್ರೋಚ್‌ನವರು "ಏರ್‌ಪೋರ್ಟ್ ನಿಮ್ಮ ನೇರ ಮುಂದೆ, ಹತ್ತು ಮೈಲಿ, ಕಂಡ್ರೆ ಹೇಳಿ" ಅಂದ್ರು. ಊರು ಕಾಣುತ್ತೆ, ಹೊಲ ಕಾಣುತ್ತೆ, ಏರ್‌ಪೋರ್ಟ್ ಕಾಣಲ್ಲ. ಮೇಲಿಂದ ರನ್‌ವೇ ಹುಡುಕೋದು ಅಂದ್ರೆ ಅಕ್ಕಿಯಲ್ಲಿ ಕಲ್ಲು ಹುಡುಕಿದಂಗೆ, ಒಂದ್ಸಲ ಕಂಡ್ರೆ ಅದು ಹೆಂಗೆ ಕಾಣದೇ ಹೋಯ್ತು ಅನ್ನಿಸುತ್ತೆ. ಎರಡು ನಿಮಿಷ ಬಿಟ್ಟು ಕಂಡ್ತು. ಇಳಿದೆ. ವಾಪಸ್ ಬರೋವಾಗ ಬಲಕ್ಕೆ ಮೌಂಟ್ ಹ್ಯಾಮಿಲ್ಟನ್ ಮೇಲೆ ಲಿಕ್ ಅಬ್ಸರ್ವೇಟರಿಯ ಬಿಳಿ ಗುಮ್ಮಟಗಳು, ಅದು ಗುರುತು ನಂಬರ್ ಏಳು, ಟೈಮಿಗೆ ಸರಿಯಾಗಿ ಬಂತು.

ಮೇಷ್ಟ್ರಿಗೆ ಹೇಳಿದೆ. ನಗ್ತಾರೆ ಅಂದ್ಕೊಂಡಿದ್ದೆ, ನಗಲಿಲ್ಲ. ಕವರ್ ಯಾವ ಬಣ್ಣ ಅಂತ ಕೇಳಿದ್ರು. ಆಮೇಲೆ ಎಷ್ಟು ಹೊತ್ತು ಅದರ ಜೊತೆ ಒದ್ದಾಡಿದೆ ಅಂತ ಕೇಳಿದ್ರು. ಒಂದೂವರೆ ನಿಮಿಷ ಅಂದೆ. ವಾಚ್ ನೋಡ್ಕೊಂಡು "ಒಂದು, ಎರಡು, ಮೂರು..." ಅಂತ ತೊಂಬತ್ತರ ತನಕ ಎಣಿಸಿದ್ರು, ಪೂರ್ತಿ, ನಿಂತ್ಕೊಂಡೇ, ನಾನು ಎದುರಿಗೆ ನಿಂತಿದ್ದೆ. ಬಯ್ದಿದ್ರೇ ಚೆನ್ನಾಗಿತ್ತು.

ಅಲ್ಲಿಂದ ಕೆಲವು ಅಭ್ಯಾಸ ಬದಲಾದ್ವು. ಇಳಿದ ತಕ್ಷಣ ಟ್ಯಾಬ್ ನನ್ನ ಜೊತೆ ಬರುತ್ತೆ, ಮಗುನ ಕಾರಲ್ಲಿ ಬಿಡಲ್ಲ ಅಲ್ವಾ ಹಂಗೆ. ಕಪ್ಪು ಕವರ್ ಹೋಯ್ತು. ಹ್ಯಾಂಡಲ್ ಬಿಟ್ಟು ತೊಡೆ ಮೇಲೆ ಬಂತು, ಅಲ್ಲಿ ಬಿಸಿಲು ಕಮ್ಮಿ, ನೋಡ್ಬೇಕು ಅಂದ್ರೆ ತಲೆ ಬಗ್ಗಿಸ್ಬೇಕು, ತಲೆ ಬಗ್ಗಿಸೋದು ಬೇಜಾರಾಗಿ ಕಮ್ಮಿ ನೋಡ್ತೀನಿ. ಹಿಂದಿನ ರಾತ್ರಿ ಟ್ಯಾಬ್ ಫೋನ್ ಎರಡರಲ್ಲೂ ಚಾರ್ಟ್ ಡೌನ್‌ಲೋಡ್ ಮಾಡಿ, ಏರ್‌ಪ್ಲೇನ್ ಮೋಡಿಗೆ ಹಾಕಿ, ನಿಜವಾಗ್ಲೂ ತೆರೆಯುತ್ತಾ ಅಂತ ನೋಡ್ತೀನಿ. ಹಾರೋ ಹಿಂದಿನ ದಿನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಲ್ಲ. ಆಫೀಸಲ್ಲಿ ಶುಕ್ರವಾರ ಸಂಜೆ ಕೋಡ್ ಬಿಡುಗಡೆ ಮಾಡಬಾರದು ಅಂತ ಎಲ್ಲರಿಗೂ ಬುದ್ಧಿ ಹೇಳೋನು ನಾನು, ಇದು ಮಾತ್ರ ಹೊಳೆದಿರಲಿಲ್ಲ ನೋಡಿ.

ಸೆಪ್ಟೆಂಬರಲ್ಲಿ ಫೈನಲ್ ಟೆಸ್ಟು. ಪರೀಕ್ಷೆ ಮಾಡೋಕೆ ಬಂದ ಮೇಡಂ ನೆಲದ ಮೇಲೆ ಎರಡು ಗಂಟೆ ಬಾಯಿ ಪರೀಕ್ಷೆ ಮಾಡಿದ್ರು, ಅದರಲ್ಲಿ ಟ್ಯಾಬ್ ಬಗ್ಗೆನೇ ಕಾಲು ಗಂಟೆ. ಚಾರ್ಟಿನ ಅವಧಿ ಎಲ್ಲಿ ತೋರಿಸುತ್ತೆ, ಜಿಪಿಎಸ್ ಎಲ್ಲಿಂದ ಬರ್ತಿದೆ, ಬ್ಯಾಟರಿ ಎಷ್ಟು, ಕೆಟ್ರೆ ಏನು ಮಾಡ್ತೀರಿ. ಕೊನೇದಕ್ಕೆ ನಾನು ಲಾಸ್ ಬಾನೋಸ್ ಕಥೆ ಹೇಳಿದೆ, ಪೂರ್ತಿ ಕೇಳಿ "ಹೂಂ" ಅಂದ್ರು ಅಷ್ಟೇ. ಮೇಲೆ ಹೋಗಿ ಆಲ್ಟಮಾಂಟ್ ದಾಟ್ತಿದ್ದಂಗೆ ಕೈ ಚಾಚಿ ನನ್ನ ತೊಡೆ ಮೇಲಿಂದ ಟ್ಯಾಬ್ ತಿರುಗಿಸಿ ಮಲಗಿಸಿದ್ರು. "ಸತ್ತೋಯ್ತು. ಬೈರನ್ ಏರ್‌ಪೋರ್ಟಿಗೆ ಕರ್ಕೊಂಡು ಹೋಗಿ, ಎಷ್ಟು ದೂರ, ಎಷ್ಟು ಹೊತ್ತು?"

ಇದಕ್ಕೆ ಮೇಷ್ಟ್ರು ಒಂದು ಲೆಕ್ಕ ಹೇಳ್ಕೊಟ್ಟಿದ್ರು. ನಿನ್ನ ಹೆಬ್ಬೆರಳಿನ ತುದಿಯಿಂದ ಗೆಣ್ಣಿನ ತನಕ ಚಾರ್ಟ್ ಮೇಲೆ ಎಷ್ಟು ಮೈಲಿ ಅಂತ ಒಂದ್ಸಲ ಅಳೆದಿಟ್ಕೋ, ಸ್ಕೇಲ್ ಮರೆತ್ರೂ ಬೆರಳು ಮರೆಯೋಕಾಗಲ್ಲ ಅಂತ. ನಂದು ಎಂಟೂವರೆ ಮೈಲಿ. ಅದನ್ನ ಮೊದಲ ಸಲ ಅಳೆದಾಗ ನನಗೆ ಯಲಹಂಕದ ಹೂವಿನಮ್ಮ ನೆನಪಾಗಿದ್ರು, ಮೊಳ ಅಳೆಯೋವಾಗ ಅವರ ಕೈ ಚಿಕ್ಕದು ಅಂತ ಅಮ್ಮ ದಿನಾ ಜಗಳ ಆಡ್ತಿದ್ಲು. ಪೇಪರ್ ಚಾರ್ಟ್ ಮೇಲೆ ಹೆಬ್ಬೆರಳು ಇಟ್ಟೆ, ಒಂದು ಬೆರಳಿಗೆ ಚೂರು ಕಮ್ಮಿ. ಎಂಟು ಮೈಲಿ, ನಾಲ್ಕೂವರೆ ನಿಮಿಷ, ದಿಕ್ಕು ಹೆಚ್ಚುಕಮ್ಮಿ ಉತ್ತರ ಅಂದೆ. ಬೈರನ್‌ನಲ್ಲಿ ಸ್ಕೈಡೈವಿಂಗ್ ನಡೆಯುತ್ತೆ, ಮೇಲಿಂದ ಜನ ಉದುರ್ತಿರ್ತಾರೆ, ಅದಕ್ಕೆ ರೇಡಿಯೋ ಮೊದಲೇ ಕೇಳ್ತೀನಿ ಅಂದೆ. ಆಗ ಮಾತ್ರ ಆ ಮೇಡಂ ಏನೋ ಬರ್ಕೊಂಡ್ರು.

ಪಾಸಾಯ್ತು.

ಮುಂದಿನ ವರ್ಷ ಅಮ್ಮ ಬಂದಾಗ ಬೇಡ ಬೇಡ ಅಂತಿದ್ದವಳನ್ನ ಪುಸಲಾಯಿಸಿ ಕೂರಿಸ್ಕೊಂಡು ಹೋದೆ. ಬಲಗಡೆ ಸೀಟು, ಸೀರೆ ಮೇಲೆ ಸ್ವೆಟರು, ಕಿವೀಲಿ ಹೆಡ್‌ಸೆಟ್ಟು. ಕೈ ಸುಮ್ನಿರಲಿ, ಭಯ ಕಮ್ಮಿಯಾಗಲಿ ಅಂತ ಟ್ಯಾಬ್ ಅವಳ ಕೈಗೇ ಕೊಟ್ಟಿದ್ದೆ. ಲಿವರ್‌ಮೋರಿಂದ ಎದ್ದು ಡೆಲ್ ವ್ಯಾಲಿ ಜಲಾಶಯದ ಕಡೆ ತಿರುಗಿದ್ವಿ. ಅಮ್ಮ ಕನ್ನಡಕ ಮೂಗಿನ ಮೇಲೆ ಇಳಿಸ್ಕೊಂಡು ಪರದೆ ಬಿಟ್ಟು ಕಣ್ಣೇ ತೆಗೀತಿಲ್ಲ.

"ಇದ್ರಲ್ಲಿ ನಾವು ಕೆರೆ ಪಕ್ಕ ಇದೀವಿ ಅಂತ ತೋರಿಸ್ತಿದೆ ಕಣೋ."

"ಹೌದಮ್ಮ."

"ಕೆರೆ ಎಲ್ಲಿ?"

"ತಲೆ ಎತ್ತಮ್ಮ, ನಿನ್ನ ಕಿಟಕೀಲಿ ನೋಡು."

ಎತ್ತಿದ್ಲು. ಚೆನ್ನಾಗಿ ಕಾಣಲಿ ಅಂತ ನಾನು ವಿಮಾನ ಸ್ವಲ್ಪ ಬಲಕ್ಕೆ ವಾಲಿಸಿದೆ. "ಅಯ್ಯಯ್ಯೋ ಬಗ್ಗಿಸ್ಬೇಡ ಕಣೋ, ಇದು ಬಿದ್ಹೋಗತ್ತೆ" ಅಂತ ಟ್ಯಾಬ್ ಎದೆಗೆ ಅವುಚ್ಕೊಂಡ್ಲು.